ಕಬ್ಬಿಣದ ಪಟ್ಟೆಶಿಲೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಸಂಡೂರಿನ ಗುಡ್ಡಗಳಿಂದ ಲಾರಿ ಏರುವ ಅದಿರಿಗೆ ನಾವು ಟನ್ನಿನ ಲೆಕ್ಕದಲ್ಲಿ ಬೆಲೆ ಕಟ್ಟುತ್ತೇವೆ. ಅದೇ ಗುಡ್ಡದ ಕಲ್ಲಿನಲ್ಲಿ ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಿಂದಿನ ಕಡಲಿನ ಲೆಕ್ಕವೂ ಇದೆ: ನೀರಿನಲ್ಲಿ ಏನು ಕರಗಿತ್ತು, ಗಾಳಿಯಲ್ಲಿ ಏನು ಇರಲಿಲ್ಲ, ಬಿಸಿಲನ್ನು ಉಣ್ಣುವ ಜೀವಿಗಳು ಆಗಲೇ ಇದ್ದವೇ ಎಂಬ ಲೆಕ್ಕ. ವಿದ್ಯಾರ್ಥಿಗಳು, ಶಿಕ್ಷಕರು, ಬೆಟ್ಟ ಹತ್ತುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಕೆಲವು ಪ್ರಶ್ನೆಗಳಿಗೆ ಒಂದು ಮಾತು ಸಾಕು, ಕೆಲವಕ್ಕೆ ನಿಧಾನವಾಗಿ ಹೇಳಬೇಕು.

ಪಟ್ಟೆಶಿಲೆ ಎಂದರೆ ಯಾವ ಕಲ್ಲು?

ಕಡಲ ತಳದಲ್ಲಿ ಪದರ ಪದರವಾಗಿ ಕೂತು ಗಟ್ಟಿಯಾದ ಕಲ್ಲು. ಒಂದು ಪದರ ಕಬ್ಬಿಣದ ಆಕ್ಸೈಡಿನದು, ಅಂದರೆ ಹೆಮಟೈಟ್ ಅಥವಾ ಮ್ಯಾಗ್ನಟೈಟ್. ಅದರ ಮೇಲಿನದು ಸಿಲಿಕಾದಿಂದಾದ ಚರ್ಟ್. ಮತ್ತೆ ಕಬ್ಬಿಣ, ಮತ್ತೆ ಚರ್ಟ್. ಪದರಗಳ ದಪ್ಪ ಕೂದಲೆಳೆಯಿಂದ ಹಿಡಿದು ಕೆಲವು ಸೆಂಟಿಮೀಟರಿನವರೆಗೆ ಇರಬಹುದು. ಚರ್ಟಿನಲ್ಲಿ ಹೆಮಟೈಟ್ ನುಣ್ಣಗೆ ಬೆರೆತಿದ್ದರೆ ಅದು ಕುಂಕುಮದಂತೆ ಕೆಂಪಾಗುತ್ತದೆ. ಅದನ್ನು ಜಾಸ್ಪರ್ ಎನ್ನುತ್ತಾರೆ. ಕಬ್ಬಿಣದ ಪ್ರಮಾಣ ಶೇ. 15ಕ್ಕಿಂತ ಹೆಚ್ಚಿರಬೇಕು ಎಂಬುದು ಪುಸ್ತಕದ ವ್ಯಾಖ್ಯೆ. ಸಾಮಾನ್ಯವಾಗಿ ಅದು ಶೇ. 20ರಿಂದ 40ರ ನಡುವೆ ಇರುತ್ತದೆ.

ಗಣಿ ಸೀಮೆಯಲ್ಲಿ ಇದಕ್ಕೆ ‘ಬಿಎಚ್‌ಕ್ಯು’ (ಬ್ಯಾಂಡೆಡ್ ಹೆಮಟೈಟ್ ಕ್ವಾರ್ಟ್ಜೈಟ್) ಎಂಬ ಮೂರಕ್ಷರದ ಹೆಸರಿದೆ, ಹೆಮಟೈಟ್ ಬದಲು ಮ್ಯಾಗ್ನಟೈಟ್ ಇರುವುದಾದರೆ ‘ಬಿಎಂಕ್ಯು’. ಒಳ್ಳೆಯ ಅದಿರನ್ನು ಹುಡುಕುವವರಿಗೆ ಇದು ಬಡ ಕಲ್ಲು. ಭೂಮಿಯ ಬಾಲ್ಯವನ್ನು ಹುಡುಕುವವರಿಗೆ ಇದಕ್ಕಿಂತ ಸಮೃದ್ಧವಾದ ಕಲ್ಲು ಮತ್ತೊಂದಿಲ್ಲ ಎಂದೇ ನನ್ನ ಭಾವನೆ.

ಕಬ್ಬಿಣ ನೀರಿನಲ್ಲಿ ಕರಗುವುದಿಲ್ಲವಲ್ಲ, ಕಡಲಿನಲ್ಲಿ ಅಷ್ಟು ಕಬ್ಬಿಣ ಹೇಗಿತ್ತು?

ಕರಗುತ್ತದೆ. ಹಲವರು ಅದನ್ನು ಮನೆಯಲ್ಲೇ ನೋಡಿರುತ್ತಾರೆ. ಕರಾವಳಿ, ಮಲೆನಾಡಿನ ಕೆಲವು ಬಾವಿಗಳ, ಅನೇಕ ಕೊಳವೆಬಾವಿಗಳ ನೀರು ಸೇದಿದ ಗಳಿಗೆಯಲ್ಲಿ ತಿಳಿಯಾಗಿರುತ್ತದೆ. ಕೊಡದಲ್ಲಿ ಒಂದು ರಾತ್ರಿ ಇಟ್ಟರೆ ಬೆಳಗ್ಗೆ ತಳದಲ್ಲಿ ಕೆಂಪು ಗಸಿ, ಮೇಲೆ ತೆಳುವಾದ ಕೆನೆ. ನೆಲದಡಿಯಲ್ಲಿ ಗಾಳಿಯ ಸೋಂಕಿಲ್ಲದಾಗ ಕಬ್ಬಿಣ ಎರಡು ಎಲೆಕ್ಟ್ರಾನ್ ಕಳೆದುಕೊಂಡ ಫೆರಸ್ ರೂಪದಲ್ಲಿರುತ್ತದೆ. ಆ ರೂಪ ನೀರಿನಲ್ಲಿ ಸಲೀಸಾಗಿ ಕರಗಿರುತ್ತದೆ. ಕೊಡಕ್ಕೆ ಗಾಳಿ ತಾಗಿದಾಗ ಇನ್ನೊಂದು ಎಲೆಕ್ಟ್ರಾನ್ ಕಳೆದುಕೊಂಡು ಫೆರಿಕ್ ಆಗುತ್ತದೆ. ಫೆರಿಕ್ ಕಬ್ಬಿಣ ಕರಗಿ ಉಳಿಯಲಾರದು. ತುಕ್ಕಾಗಿ ತಳ ಸೇರುತ್ತದೆ.

ಆ ಕೊಡವನ್ನು ಕಡಲಿನಷ್ಟು ದೊಡ್ಡದು ಮಾಡಿ ನೋಡಿ. ಇಂದಿನ ಕಡಲಿಗೆ ಆಮ್ಲಜನಕ ಧಾರಾಳವಾಗಿ ಸಿಗುವುದರಿಂದ ಅದರಲ್ಲಿ ಕರಗಿದ ಕಬ್ಬಿಣ ಅತ್ಯಲ್ಪ. ಅಂದಿನ ಕಡಲು ಇನ್ನೂ ಸೇದದ ಬಾವಿಯ ನೀರಿನಂತಿತ್ತು. ಸಾಗರತಳದ ಬಿರುಕುಗಳಲ್ಲಿ ಇಳಿದು, ಕಾದು, ಕಬ್ಬಿಣವನ್ನು ಕರಗಿಸಿಕೊಂಡು ಮೇಲೆ ಬರುತ್ತಿದ್ದ ಬಿಸಿನೀರೇ ಅದರ ಮುಖ್ಯ ಮೂಲ. ಇದು ಊಹೆಯ ಮಾತಲ್ಲ. ಯುರೋಪಿಯಂ ಎಂಬ ವಿರಳ ಧಾತು ತೀರಾ ಬಿಸಿಯಾದ ಇಂಥ ನೀರಿನಲ್ಲಿ ತನ್ನ ಒಡಹುಟ್ಟಿನ ಧಾತುಗಳಿಗಿಂತ ಹೆಚ್ಚಾಗಿ ಸೇರಿಕೊಳ್ಳುತ್ತದೆ. ಹಳೆಯ ಪಟ್ಟೆಶಿಲೆಗಳಲ್ಲಿ ಆ ಹೆಚ್ಚಳ ಸ್ಪಷ್ಟವಾಗಿ ಕಾಣುತ್ತದೆ.

ಚರ್ಟಿನ ಪದರಗಳಿಗೂ ಇಂಥದೇ ಕಾರಣವಿದೆ. ಇಂದು ಡಯಾಟಂ ಮುಂತಾದ ಸೂಕ್ಷ್ಮಜೀವಿಗಳು ತಮ್ಮ ಕವಚಕ್ಕಾಗಿ ಕಡಲಿನ ಸಿಲಿಕಾವನ್ನು ಬಾಚಿಕೊಳ್ಳುತ್ತವೆ. ಆಗ ಅವು ಹುಟ್ಟಿರಲಿಲ್ಲ. ಸಿಲಿಕಾ ನೀರಿನಲ್ಲಿ ತುಂಬಿ, ತಾನಾಗಿ ಜಿಲೇಬಿ ಪಾಕದಂತೆ ಗಟ್ಟಿಕಟ್ಟುವ ಹಂತಕ್ಕೆ ಬಂದಿತ್ತು.

ಆಗಿನ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲ ಎಂದು ಹೇಗೆ ಗೊತ್ತು?

ಎರಡು ಸಾಕ್ಷಿಗಳು ನನಗೆ ಬಹಳ ಇಷ್ಟ. ಮೊದಲನೆಯದು ನಮ್ಮಲ್ಲೇ ಇದೆ. ಬಾಬಾಬುಡನ್ ಶಿಲಾಸಮೂಹದ ಬುಡದಲ್ಲಿ ಬೆಣಚುಕಲ್ಲಿನ ಉರುಟು ಹರಳುಗಳು ಒಟ್ಟಾಗಿ ಗಟ್ಟಿಯಾದ ಪದರಗಳಿವೆ. ಹರಿಯುವ ನೀರು ಉರುಳಿಸಿ ತಂದ ಆ ಹರಳುಗಳ ನಡುವೆ ಪೈರೈಟ್ ಮತ್ತು ಯುರೇನಿನೈಟ್ ಕಣಗಳು ಸಿಗುತ್ತವೆ. ಇಂದಿನ ಗಾಳಿಯಲ್ಲಿ ಈ ಖನಿಜಗಳನ್ನು ಹೊಳೆಯಲ್ಲಿ ಬಿಟ್ಟರೆ ದೂರ ಸಾಗುವ ಮೊದಲೇ ಪೈರೈಟ್ ತುಕ್ಕು ಹಿಡಿಯುತ್ತದೆ, ಯುರೇನಿನೈಟ್ ಕರಗಿಹೋಗುತ್ತದೆ. ಅವು ಹಾಗೇ ಉಳಿದಿವೆ ಎಂದರೆ ಅವುಗಳನ್ನು ಹಾಳುಮಾಡುವಷ್ಟು ಆಮ್ಲಜನಕ ಇರಲಿಲ್ಲ.

ಎರಡನೆಯದು ಗಂಧಕದ ಸಾಕ್ಷಿ. ಗಂಧಕಕ್ಕೆ ನಾಲ್ಕು ಸ್ಥಿರ ಐಸೊಟೋಪುಗಳಿವೆ, ಅಂದರೆ ತೂಕ ಮಾತ್ರ ಬೇರೆಯಾದ ನಾಲ್ಕು ಬಗೆಯ ಪರಮಾಣುಗಳು. ಸಾಮಾನ್ಯ ರಾಸಾಯನಿಕ ಕ್ರಿಯೆಗಳು ಇವನ್ನು ತೂಕಕ್ಕೆ ತಕ್ಕಂತೆ ಬೇರ್ಪಡಿಸುತ್ತವೆ. 2000ರಲ್ಲಿ ಜೇಮ್ಸ್ ಫಾರ್ಖರ್, ಹೂಮಿಂಗ್ ಬಾವ್, ಮಾರ್ಕ್ ಥಿಮೆನ್ಸ್ ಅವರು ಬಹಳ ಹಳೆಯ ಶಿಲೆಗಳಲ್ಲಿ ಈ ನಿಯಮ ತಪ್ಪಿದೆ ಎಂದು ತೋರಿಸಿದರು. ಜ್ವಾಲಾಮುಖಿಯ ಗಂಧಕದ ಅನಿಲದ ಮೇಲೆ ಅತಿನೇರಳೆ ಕಿರಣ ನೇರವಾಗಿ ಬಿದ್ದಾಗ ಹೀಗಾಗುತ್ತದೆ. ಅಂದರೆ ಮೇಲೆ ಓಝೋನ್ ಕೊಡೆ ಇರಲಿಲ್ಲ. ಆಮ್ಲಜನಕ ಇಂದಿನ ಪ್ರಮಾಣದ ಲಕ್ಷದಲ್ಲೊಂದು ಭಾಗಕ್ಕಿಂತ ಕಡಿಮೆ ಇದ್ದಾಗ ಮಾತ್ರ ಈ ಗುರುತು ಕಲ್ಲಿನಲ್ಲಿ ಉಳಿಯುತ್ತದೆ ಎಂದು ಲೆಕ್ಕಗಳು ಹೇಳುತ್ತವೆ. ಸುಮಾರು 240ರಿಂದ 230 ಕೋಟಿ ವರ್ಷಗಳ ಹಿಂದೆ ಈ ಗುರುತು ಮಾಯವಾಗುತ್ತದೆ. ಆಮ್ಲಜನಕದ ಮಹಾ ಏರಿಕೆ ಎಂದು ಕರೆಯುವುದು ಆ ಘಟ್ಟವನ್ನೇ.

ಹಾಗಾದರೆ ಆಮ್ಲಜನಕವಿಲ್ಲದೆ ಕಡಲಿನ ಕಬ್ಬಿಣ ತುಕ್ಕು ಹಿಡಿದದ್ದು ಹೇಗೆ?

ಪ್ರಶ್ನೆಗಳ ಪ್ರಶ್ನೆ ಇದೇ. ಶಾಲೆಯ ಪಾಠಗಳಲ್ಲಿ ಇದಕ್ಕೆ ಒಂದೇ ಉತ್ತರ ಕೊಡುವುದುಂಟು: ಬಿಸಿಲನ್ನು ಉಣ್ಣುವ ಸಯನೋಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಗಳು ಆಮ್ಲಜನಕ ಬಿಟ್ಟವು, ಕಬ್ಬಿಣ ತುಕ್ಕು ಹಿಡಿಯಿತು, ಕಬ್ಬಿಣ ಮುಗಿದ ಮೇಲೆ ಆಮ್ಲಜನಕ ಗಾಳಿಗೆ ಸೇರಿತು. ಅಮೆರಿಕದ ಭೂವಿಜ್ಞಾನಿ ಪ್ರೆಸ್ಟನ್ ಕ್ಲೌಡ್ 1960–70ರ ದಶಕಗಳಲ್ಲಿ ಕಟ್ಟಿಕೊಟ್ಟ ಚಿತ್ರ ಇದು. ಸುಂದರವಾದ ಚಿತ್ರ, ಮತ್ತು ಅದರಲ್ಲಿ ಸತ್ಯಾಂಶವಿದೆ. ಕಡಲಿನ ಮೇಲ್ಪದರದಲ್ಲಿ ಅಲ್ಲಲ್ಲಿ ಆಮ್ಲಜನಕ ಹುಟ್ಟಿ, ಗಾಳಿಗೆ ತಲುಪುವ ಮೊದಲೇ ಕಬ್ಬಿಣದ ಪಾಲಾಗಿರುವುದು ಸಾಧ್ಯ.

ಆದರೆ ಪಟ್ಟೆಶಿಲೆಗಳು 370 ಕೋಟಿ ವರ್ಷಗಳಿಗೂ ಹಿಂದೆಯೇ ಇವೆ. ಗ್ರೀನ್‌ಲ್ಯಾಂಡಿನ ಇಸುವಾದಲ್ಲಿ ಅವನ್ನು ನೋಡಬಹುದು. ಅಷ್ಟು ಹಿಂದೆ ಆಮ್ಲಜನಕ ಬಿಡುವ ಜೀವಿಗಳಿದ್ದವು ಎನ್ನಲು ಗಟ್ಟಿ ಆಧಾರವಿಲ್ಲ. ಆಮ್ಲಜನಕವನ್ನು ಬಿಟ್ಟು ಬೇರೆ ದಾರಿ ಬೇಕು.

1993ರಲ್ಲಿ ಜರ್ಮನಿಯ ಫ್ರೀಡ್ರಿಕ್ ವಿಡ್ಡೆಲ್ ಮತ್ತು ಸಂಗಡಿಗರು ಆ ದಾರಿ ತೋರುವ ಜೀವಿಗಳನ್ನು ವರದಿ ಮಾಡಿದರು. ಇವು ನೇರಳೆ ಬ್ಯಾಕ್ಟೀರಿಯಾಗಳು. ಗಿಡಗಳು ಬಿಸಿಲಿನ ಬಲದಿಂದ ನೀರಿನಿಂದ ಎಲೆಕ್ಟ್ರಾನ್ ಕಿತ್ತುಕೊಂಡರೆ, ಇವು ಕರಗಿದ ಕಬ್ಬಿಣದಿಂದ ಕಿತ್ತುಕೊಳ್ಳುತ್ತವೆ. ಇಂಗಾಲದ ಒಂದು ಪರಮಾಣುವನ್ನು ಆಹಾರವಾಗಿಸಲು ಕಬ್ಬಿಣದ ನಾಲ್ಕು ಪರಮಾಣುಗಳು ತುಕ್ಕಾಗಬೇಕು. ಆಮ್ಲಜನಕ ಬೇಕಿಲ್ಲ, ಬಿಡುಗಡೆಯೂ ಆಗುವುದಿಲ್ಲ. ತುಕ್ಕೇ ಅವುಗಳ ಉಸಿರಿನ ಕಸ.

ಮೂರನೆಯ ದಾರಿ ಜೀವಿಗಳೇ ಇಲ್ಲದ್ದು. ಅತಿನೇರಳೆ ಕಿರಣ ತಾನಾಗಿಯೇ ಕರಗಿದ ಕಬ್ಬಿಣವನ್ನು ಆಕ್ಸಿಡೀಕರಿಸಬಲ್ಲದು. ಆದರೆ ಕಡಲನ್ನು ಹೋಲುವ ನೀರಿನಲ್ಲಿ, ಸಿಲಿಕಾ ಮತ್ತು ಕಾರ್ಬೊನೇಟ್ ಸೇರಿಸಿ ಮಾಡಿದ ಪ್ರಯೋಗಗಳಲ್ಲಿ ಈ ಕ್ರಿಯೆ ತೀರಾ ಸಪ್ಪೆಯಾಗಿತ್ತು.

ಇವುಗಳಲ್ಲಿ ನೀವು ಯಾವುದನ್ನು ಒಪ್ಪುತ್ತೀರಿ?

ಹಳೆಯ ಶಿಲೆಗಳ ಮಟ್ಟಿಗೆ ಕಬ್ಬಿಣ ಉಣ್ಣುವ ಬ್ಯಾಕ್ಟೀರಿಯಾಗಳ ಕಡೆಗೆ ನನ್ನ ಒಲವು. ಇಂಡೊನೇಷ್ಯಾದ ಸುಲಾವೆಸಿ ದ್ವೀಪದಲ್ಲಿ ಮತಾನೊ ಎಂಬ ಸರೋವರವಿದೆ. ಅದರ ಆಳ ಸುಮಾರು 590 ಮೀಟರ್. ನೂರು ಮೀಟರಿಗಿಂತ ಸ್ವಲ್ಪ ಕೆಳಗೆ ಆಮ್ಲಜನಕ ಮುಗಿದು ಕರಗಿದ ಕಬ್ಬಿಣದ ನೀರು ಶುರುವಾಗುತ್ತದೆ. ಆ ಗಡಿಯಲ್ಲಿ, ಮಸುಕು ಬೆಳಕಿನಲ್ಲಿ, ಬೆಳಕನ್ನು ಹಿಡಿಯುವ ಹಸಿರು ಗಂಧಕ ಬ್ಯಾಕ್ಟೀರಿಯಾಗಳು ಬಾಳುತ್ತಿವೆ. ಗಂಧಕ ತೀರಾ ಕಡಿಮೆ ಇರುವ ಆ ನೀರಿನಲ್ಲಿ ಅವು ಕಬ್ಬಿಣವನ್ನು ಬಳಸುತ್ತಿರಬಹುದು ಎಂಬುದು ಸಂಶೋಧಕರ ವಾದ. ಅಂದಿನ ಕಡಲಿನ ಚಿಕ್ಕ ತುಣುಕೊಂದು ಇಂದಿಗೂ ಉಳಿದಂತಿದೆ.

260 ಕೋಟಿ ವರ್ಷಗಳಿಗಿಂತ ಈಚಿನ ಶಿಲೆಗಳ ಬಗ್ಗೆ ಹೇಳುವಾಗ ಆಮ್ಲಜನಕವನ್ನು ಹೊರಗಿಡುವುದು ಸರಿಯಲ್ಲ. ಎರಡೂ ಬಗೆಯ ಜೀವಿಗಳು ಬೇರೆ ಬೇರೆ ಆಳಗಳಲ್ಲಿ ಒಟ್ಟಿಗೇ ಕೆಲಸ ಮಾಡಿದ್ದಿರಬಹುದು. ಕೆಂಪು ಪಟ್ಟೆ ಕಂಡ ಕೂಡಲೇ ‘ಇದೋ ಮೊದಲ ಆಮ್ಲಜನಕ’ ಎನ್ನಬಾರದು. ಕರಗಿದ ಕಬ್ಬಿಣವಿತ್ತು ಎಂಬುದಕ್ಕೆ ಪಟ್ಟೆ ನೇರ ಸಾಕ್ಷಿ; ಅದನ್ನು ತುಕ್ಕಾಗಿಸಿದವರು ಯಾರು ಎಂಬುದಕ್ಕೆ ಬೇರೆ ಸಾಕ್ಷಿ ಬೇಕು.

ಪಟ್ಟೆಗಳು ಏಕೆ? ಒಂದೊಂದು ಪಟ್ಟೆಯೂ ಒಂದೊಂದು ವರ್ಷವೇ?

ಮರದ ಉಂಗುರಗಳಂತೆ ಎಣಿಸಬೇಕೆಂದು ಯಾರಿಗೂ ಅನಿಸುತ್ತದೆ. ಪಶ್ಚಿಮ ಆಸ್ಟ್ರೇಲಿಯಾದ ಹ್ಯಾಮರ್ಸ್ಲಿ ಪ್ರದೇಶದ ಪಟ್ಟೆಶಿಲೆಗಳನ್ನು ದಶಕಗಳ ಕಾಲ ಅಭ್ಯಾಸ ಮಾಡಿದ ಅಲೆಕ್ ಟ್ರೆಂಡಾಲ್, ಅಲ್ಲಿನ ಅತಿ ತೆಳು ಪದರಗಳು ವರ್ಷಕ್ಕೊಂದು ಕೂತವು ಎಂದು ಭಾವಿಸಿದ್ದರು. ಆ ಪದರಗಳನ್ನು ನೂರಾರು ಕಿಲೋಮೀಟರ್ ದೂರದವರೆಗೂ ಒಂದಕ್ಕೊಂದು ಹೊಂದಿಸಬಹುದು. ಅಷ್ಟು ಪ್ರಶಾಂತವಾದ ಕಡಲತಳ! ಆದರೆ ಎಲ್ಲೆಡೆಯೂ ಅವು ವಾರ್ಷಿಕವೇ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಬಿಸಿನೀರಿನ ಬುಗ್ಗೆಗಳ ಏರಿಳಿತ, ಋತುಮಾನದ ಉಷ್ಣತೆ, ಕೂತ ನಂತರ ಕೆಸರಿನೊಳಗೆ ನಡೆದ ಬೇರ್ಪಡೆ, ಎಲ್ಲಕ್ಕೂ ಪಾಲಿದೆ.

ದಪ್ಪ ಪಟ್ಟೆಗಳ ವಿಚಾರ ಇನ್ನೂ ಸ್ವಾರಸ್ಯದ್ದು. ಭೂಮಿಯ ಕಕ್ಷೆಯೂ ಅಕ್ಷವೂ ಸಾವಿರಾರು ವರ್ಷಗಳ ಲಯದಲ್ಲಿ ತೂಗಾಡುತ್ತವೆ. ಮಾರ್ಗ್ರಿಟ್ ಲ್ಯಾಂಟಿಂಕ್ ಮತ್ತು ಸಂಗಡಿಗರು ಹ್ಯಾಮರ್ಸ್ಲಿಯ ಪಟ್ಟೆಗಳಲ್ಲಿ ಆ ಲಯವನ್ನು ಗುರುತಿಸಿ 2022ರಲ್ಲಿ ಒಂದು ಲೆಕ್ಕ ಕೊಟ್ಟರು. 246 ಕೋಟಿ ವರ್ಷಗಳ ಹಿಂದೆ ಚಂದ್ರ ಸುಮಾರು 3,22,000 ಕಿಲೋಮೀಟರ್ ದೂರದಲ್ಲಿದ್ದ. ಇಂದು ಸರಾಸರಿ 3,84,400. ಆಗಿನ ಒಂದು ದಿನ ಸುಮಾರು 17 ಗಂಟೆಗಳದ್ದು. ಕಬ್ಬಿಣದ ಕಲ್ಲಿನಿಂದ ಚಂದ್ರನ ದೂರ ಅಳೆದ ಈ ಕೆಲಸವನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಕರ್ನಾಟಕದ ಪಟ್ಟೆಶಿಲೆಗಳ ವಯಸ್ಸು ಎಷ್ಟು? ಅಳೆಯುವುದು ಹೇಗೆ?

ಪಟ್ಟೆಶಿಲೆಯ ವಯಸ್ಸನ್ನು ನೇರವಾಗಿ ಅಳೆಯುವುದು ಕಷ್ಟ. ಅದೃಷ್ಟವಶಾತ್, ಕಡಲಿಗೆ ಆಗಾಗ ಜ್ವಾಲಾಮುಖಿ ಬೂದಿ ಬೀಳುತ್ತಿತ್ತು. ಆ ಬೂದಿಯಲ್ಲಿ ಜಿರ್ಕಾನ್ ಹರಳುಗಳಿರುತ್ತವೆ. ಹರಳಿನೊಳಗಿನ ಯುರೇನಿಯಂ ನಿಗದಿತ ವೇಗದಲ್ಲಿ ಸೀಸವಾಗುತ್ತ ಹೋಗುವುದರಿಂದ ಎರಡರ ಅನುಪಾತವೇ ಗಡಿಯಾರ.

ಮುಳ್ಳಯ್ಯನಗಿರಿಯ ಹೆಸರನ್ನೇ ಹೊತ್ತ ಬಾಬಾಬುಡನ್ ಸಾಲಿನ ಪಟ್ಟೆಶಿಲೆಯ ಬುಡವನ್ನು 1997ರಲ್ಲಿ ಹೀಗೆ ಅಳೆದರು; ಸಿಕ್ಕ ವಯಸ್ಸು 272 ಕೋಟಿ ವರ್ಷ. ಅಳೆದ ತಂಡದಲ್ಲಿ ಹ್ಯಾಮರ್ಸ್ಲಿಯ ಅದೇ ಟ್ರೆಂಡಾಲ್ ಇದ್ದರು. ಅಂದರೆ ಕರ್ನಾಟಕದ ಅತಿ ಎತ್ತರದ ಶಿಖರವಿರುವ ಸಾಲಿನ ಕಲ್ಲು ಆಮ್ಲಜನಕದ ಮಹಾ ಏರಿಕೆಗಿಂತ 30 ಕೋಟಿ ವರ್ಷ ಹಿರಿಯದು. ಈ ಶಿಲೆಗಳಿಗೆ ‘ಧಾರವಾಡ’ ಎಂಬ ಹೆಸರು ಕೊಟ್ಟವರು ಹತ್ತೊಂಬತ್ತನೆಯ ಶತಮಾನದಲ್ಲಿ ದಕ್ಷಿಣ ಭಾರತವನ್ನು ಸುತ್ತಿದ ರಾಬರ್ಟ್ ಬ್ರೂಸ್ ಫೂಟ್. ಪ್ರಪಂಚದ ಭೂವಿಜ್ಞಾನದ ಪುಸ್ತಕಗಳಲ್ಲಿ ಆ ಹೆಸರು ಇಂದಿಗೂ ಬಳಕೆಯಲ್ಲಿದೆ.

ಪಟ್ಟೆಶಿಲೆಯಲ್ಲಿ ಜೀವಿಗಳ ಪಳೆಯುಳಿಕೆ ಸಿಕ್ಕಿದೆಯೇ?

ಸಿಕ್ಕಿದೆ. ಅತ್ಯಂತ ಖಚಿತವಾದವು ಕೆನಡಾದ ಸುಪೀರಿಯರ್ ಸರೋವರದ ದಡದ ಗನ್‌ಫ್ಲಿಂಟ್ ಶಿಲೆಗಳಲ್ಲಿವೆ. ಕಬ್ಬಿಣದ ಶಿಲೆಗಳನ್ನು ಅಭ್ಯಾಸ ಮಾಡುತ್ತಿದ್ದ ಸ್ಟ್ಯಾನ್ಲಿ ಟೈಲರ್ ಅಲ್ಲಿನ ಚರ್ಟಿನ ತೆಳು ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಎಳೆಗಳೂ ಗೋಲಗಳೂ ಕಂಡವು. ಅವರು ಎಲ್ಸೊ ಬಾರ್ಗ್‌ಹೂರ್ನ್ ಜೊತೆ ಸೇರಿ 1954ರಲ್ಲಿ ಅದನ್ನು ಪ್ರಕಟಿಸಿದರು. ಅವುಗಳ ವಯಸ್ಸು ಸುಮಾರು 188 ಕೋಟಿ ವರ್ಷ. ಆವರೆಗೆ ಕ್ಯಾಂಬ್ರಿಯನ್ ಯುಗದ (ಸುಮಾರು 54 ಕೋಟಿ ವರ್ಷಗಳ ಹಿಂದೆ ಶುರುವಾದದ್ದು) ಹಿಂದಿನ ಜೀವದ ಬಗ್ಗೆ ಇದ್ದ ಸಂಶಯ ಅಲ್ಲಿಂದ ಕರಗತೊಡಗಿತು.

ಇನ್ನೂ ಹಳೆಯವುಗಳ ಬಗ್ಗೆ ಎಚ್ಚರ ಬೇಕು. ಕೆನಡಾದ ಕ್ವಿಬೆಕ್‌ನ ನುವ್ವುವಾಗಿಟ್ಟುಕ್‌ನಲ್ಲಿ ಹೆಮಟೈಟಿನ ಸೂಕ್ಷ್ಮ ಕೊಳವೆಗಳು ಸಿಕ್ಕಿವೆ, ಅವು ಕನಿಷ್ಠ 377 ಕೋಟಿ ವರ್ಷಗಳ ಹಿಂದಿನ ಬ್ಯಾಕ್ಟೀರಿಯಾಗಳ ಗುರುತು ಎಂದು 2017ರಲ್ಲಿ ಒಂದು ತಂಡ ಹೇಳಿತು. ಜೀವವಿಲ್ಲದೆಯೂ ಅಂಥ ಆಕಾರಗಳು ಬೆಳೆಯಬಲ್ಲವು ಎಂದು ಹಲವರು ಒಪ್ಪಲಿಲ್ಲ. ನಾನೂ ಅದನ್ನು ಇನ್ನೂ ಒಪ್ಪಿಲ್ಲ.

ನಮ್ಮ ನೆಲದಲ್ಲಿ ಜೀವದ ಗುರುತು ಪಟ್ಟೆಶಿಲೆಗಿಂತ ಅದರ ನೆರೆಯ ಸುಣ್ಣಶಿಲೆಗಳಲ್ಲಿ ಚೆನ್ನಾಗಿದೆ. ತುಮಕೂರು ಜಿಲ್ಲೆಯ ದೊಡ್ಡಗುಣಿಯಲ್ಲಿ, ಸಂಡೂರಿನಲ್ಲಿ ಸ್ಟ್ರೊಮಾಟೊಲೈಟುಗಳಿವೆ. ಆಳವಿಲ್ಲದ ನೀರಿನಲ್ಲಿ ಸೂಕ್ಷ್ಮಜೀವಿಗಳ ಲೋಳೆಹಾಸು ಮಣ್ಣಿನ ಕಣಗಳನ್ನು ಹಿಡಿದು ಪದರದ ಮೇಲೆ ಪದರ ಕಟ್ಟಿದ ಗುಮ್ಮಟಗಳವು. ಒಂದೇ ಶಿಲಾಪಟ್ಟಿಯಲ್ಲಿ ಇತ್ತ ಕಬ್ಬಿಣ, ಅತ್ತ ಸ್ಟ್ರೊಮಾಟೊಲೈಟ್: ಆಳದಲ್ಲಿ ತುಕ್ಕು ಕೂರುತ್ತಿದ್ದ ಕಡಲಿನ ಅಂಚಿನಲ್ಲೇ ಜೀವ ಹಾಸುಗಂಬಳಿ ನೇಯುತ್ತಿತ್ತು.

ಕಬ್ಬಿಣ ಬಿಟ್ಟು ಬೇರೆ ಧಾತುಗಳಿಂದ ಏನು ತಿಳಿಯುತ್ತದೆ?

ಹೊಸದಾಗಿ ಹುಟ್ಟಿದ ತುಕ್ಕು ಸ್ಪಂಜಿನಂತೆ. ಸುತ್ತಲ ನೀರಿನಲ್ಲಿದ್ದ ಧಾತುಗಳನ್ನು ಅಂಟಿಸಿಕೊಂಡೇ ತಳಕ್ಕಿಳಿಯುತ್ತದೆ. ಹೀಗಾಗಿ ಪ್ರತಿ ಪದರವೂ ಆ ಕಾಲದ ಕಡಲನೀರಿನ ಮಾದರಿ.

ನಿಕ್ಕಲ್ ಉದಾಹರಣೆ ನೋಡಿ. ಕರ್ಟ್ ಕೊನ್ಹೌಸರ್ ಮತ್ತು ಸಂಗಡಿಗರು 2009ರಲ್ಲಿ ತೋರಿಸಿದಂತೆ, ಸುಮಾರು 270 ಕೋಟಿ ವರ್ಷಗಳ ಹಿಂದಿನಿಂದ ಪಟ್ಟೆಶಿಲೆಗಳಲ್ಲಿ ನಿಕ್ಕಲ್ ಇಳಿಯತೊಡಗುತ್ತದೆ. ಭೂಗರ್ಭ ತಣಿದಂತೆ ಕೊಮಟೈಟ್ ಎಂಬ ಅತಿ ಬಿಸಿ, ನಿಕ್ಕಲ್ ಸಮೃದ್ಧ ಲಾವಾ ಕಡಿಮೆಯಾಯಿತು. ಅಂಥ ಲಾವಾದ ಉಳಿಕೆ ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲಿದೆ. ಮೀಥೇನ್ ಉತ್ಪಾದಿಸುವ ಸೂಕ್ಷ್ಮಜೀವಿಗಳ ಕಿಣ್ವಗಳಿಗೆ ನಿಕ್ಕಲ್ ಬೇಕೇ ಬೇಕು. ನಿಕ್ಕಲ್ ಬರ ಬಂದು, ಮೀಥೇನ್ ಇಳಿದು, ಆಮ್ಲಜನಕ ಉಳಿದುಕೊಳ್ಳಲು ಜಾಗವಾಯಿತು ಎಂಬುದು ಅವರ ವಾದ. ರಂಜಕದ ವಿಷಯದಲ್ಲಿ ಒಮ್ಮತವಿಲ್ಲ. ಅಂದಿನ ಕಡಲಿನಲ್ಲಿ ಅದು ವಿರಳವಾಗಿತ್ತು ಎಂದು ಕೆಲವರು, ಸಿಲಿಕಾ ಅಡ್ಡಬಂದದ್ದರಿಂದ ತುಕ್ಕಿಗೆ ಕಡಿಮೆ ಅಂಟಿತು ಅಷ್ಟೇ ಎಂದು ಇನ್ನು ಕೆಲವರು.

ಈ ಶಿಲೆಗಳು ಹುಟ್ಟುವುದು ಏಕೆ ನಿಂತಿತು?

ಸುಮಾರು 250 ಕೋಟಿ ವರ್ಷಗಳ ಹಿಂದೆ ಉಚ್ಛ್ರಾಯ, 180 ಕೋಟಿ ವರ್ಷಗಳ ಹಿಂದೆ ಹೆಚ್ಚುಕಡಿಮೆ ಮುಕ್ತಾಯ. ಆಳದ ಕಡಲಿಗೂ ಆಮ್ಲಜನಕ ತಲುಪಿ ಕಬ್ಬಿಣ ಕರಗಿರಲಾಗಲಿಲ್ಲ ಎಂಬುದು ಹಳೆಯ ವಿವರಣೆ. 1998ರಲ್ಲಿ ಡೊನಾಲ್ಡ್ ಕ್ಯಾನ್‌ಫೀಲ್ಡ್ ಬೇರೆ ಮಾತು ಹೇಳಿದರು: ನೆಲದ ಪೈರೈಟ್ ತುಕ್ಕು ಹಿಡಿದು ಗಂಧಕ ಕಡಲಿಗೆ ಹರಿಯಿತು, ಆಳದಲ್ಲಿ ಹೈಡ್ರೋಜನ್ ಸಲ್ಫೈಡ್ ಆಗಿ ಕಬ್ಬಿಣವನ್ನು ಪೈರೈಟ್ ರೂಪದಲ್ಲಿ ಕೆಳಗಿಳಿಸಿತು. ಎರಡೂ ಇಡೀ ಕಡಲಿಗೆ ಅನ್ವಯಿಸುವುದಿಲ್ಲ.

ಮುಗಿಯಿತು ಎಂದುಕೊಂಡ ನೂರು ಕೋಟಿ ವರ್ಷಗಳ ಬಳಿಕ, ಸುಮಾರು 70 ಕೋಟಿ ವರ್ಷಗಳ ಹಿಂದೆ, ಅವು ಕೆಲವೆಡೆ ಮತ್ತೆ ಹುಟ್ಟಿದವು. ಭೂಮಿ ಬಹುಮಟ್ಟಿಗೆ ಹಿಮದಡಿ ಹೂತಿದ್ದ ಕಾಲವದು. ಮಂಜುಗಡ್ಡೆ ಮುಚ್ಚಳ ಹಾಕಿದ ಕಡಲಿನಲ್ಲಿ ಮತ್ತೆ ಕಬ್ಬಿಣ ಕರಗಿ ಶೇಖರವಾಗಿತ್ತು.

ಕರಾವಳಿಯ ಮುರಕಲ್ಲು, ಕೆಮ್ಮಣ್ಣು ಕೂಡ ಇದೇ ಜಾತಿಯೇ?

ಅಲ್ಲ. ಮುರಕಲ್ಲು ಬಿಸಿಲು ಮಳೆಗಳಲ್ಲಿ ಹಳೆಯ ಬಂಡೆ ಕೊಳೆತು, ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿದು ಆದದ್ದು. ವಯಸ್ಸಿನಲ್ಲಿ ಪಟ್ಟೆಶಿಲೆಯ ಮುಂದೆ ಅದು ಹಸುಗೂಸು.

ಕುದುರೆಮುಖದ ಅದಿರಿಗೂ ಸಂಡೂರಿನ ಅದಿರಿಗೂ ಏನು ವ್ಯತ್ಯಾಸ?

ಕುದುರೆಮುಖದ್ದು ಮ್ಯಾಗ್ನಟೈಟ್ ಪಟ್ಟೆಶಿಲೆ, ಬಡ ಅದಿರು. ಪುಡಿಮಾಡಿ, ಸಾಂದ್ರಗೊಳಿಸಿ, ನೀರಿನೊಂದಿಗೆ ಕಲಸಿ 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಕಳಿಸುತ್ತಿದ್ದರು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಿತು. ಸಂಡೂರಿನ ದೋಣಿಮಲೈ, ಕುಮಾರಸ್ವಾಮಿ ಬೆಟ್ಟದ ಸಾಲುಗಳಲ್ಲಿ ನೆಲಕ್ಕಿಳಿದ ನೀರು ದೀರ್ಘಕಾಲ ಸಿಲಿಕಾವನ್ನು ತೊಳೆದೊಯ್ದಿದ್ದರಿಂದ ಕಬ್ಬಿಣದ ಪ್ರಮಾಣ ಶೇ. 60 ದಾಟಿದ ಹೆಮಟೈಟ್ ಅದಿರು ಉಳಿಯಿತು. ಒಂದು ವಿಷಯ ಗಮನಿಸಬೇಕು: ಅದಿರು ಶ್ರೀಮಂತವಾದಷ್ಟೂ ಅದರ ಪಟ್ಟೆಗಳ ಮೂಲ ಬರಹ ಅಳಿಸಿಹೋಗಿರುತ್ತದೆ. ವಿಜ್ಞಾನಕ್ಕೆ ಬೇಕಾದದ್ದು ಗಣಿಯವರು ಬದಿಗೆ ಸುರಿಯುವ ಬಡ ಕಲ್ಲು.

ಇವನ್ನು ಉಳಿಸುವ ಅಗತ್ಯವಿದೆಯೇ? ಬೇಕಾದಷ್ಟಿದೆಯಲ್ಲ?

ಟನ್ನಿನ ಲೆಕ್ಕದಲ್ಲಿ ಬೇಕಾದಷ್ಟಿದೆ. ಆದರೆ ಬುಡದಿಂದ ತುದಿಯವರೆಗೆ ಕ್ರಮ ತಪ್ಪದೆ ಪದರಗಳು ತೆರೆದು ನಿಂತ ಜಾಗಗಳು ಬೆರಳೆಣಿಕೆಯವು. ಲಾಲ್‌ಬಾಗಿನ ಬಂಡೆ, ಚಿತ್ರದುರ್ಗದ ಬಳಿಯ ಮರಡಿಹಳ್ಳಿಯ ದಿಂಬುಲಾವಾ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳಾಗಿವೆ. ಬಾಬಾಬುಡನ್ ಅಥವಾ ಸಂಡೂರಿನ ಒಂದು ಒಳ್ಳೆಯ ಪಟ್ಟೆಶಿಲೆಯ ಗೋಡೆಗೂ ಆ ಮಾನ್ಯತೆ ಸಿಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಬೆಟ್ಟದ ಗಣಿ ಮುಗಿದ ಮೇಲೆ ಆ ಬರಹವನ್ನು ಮತ್ತೆ ಬರೆಯಲು ಭೂಮಿಯಲ್ಲಿ ಈಗ ಅಂಥ ಕಡಲಿಲ್ಲ.

ಪಟ್ಟೆಶಿಲೆಯನ್ನು ನಾನೇ ಗುರುತಿಸಬಹುದೇ?

ಖಂಡಿತ. ಮೊದಲು ಕೈಯಲ್ಲಿ ತೂಗಿ ನೋಡಿ. ಅದೇ ಗಾತ್ರದ ಬೇರೆ ಕಲ್ಲಿಗಿಂತ ಭಾರವಿರುತ್ತದೆ. ದಾರಕ್ಕೆ ಕಟ್ಟಿದ ಚಿಕ್ಕ ಆಯಸ್ಕಾಂತವನ್ನು ಕಪ್ಪು ಪದರದ ಬಳಿ ತನ್ನಿ. ಜೋರಾಗಿ ಸೆಳೆದರೆ ಮ್ಯಾಗ್ನಟೈಟ್, ಸೆಳೆಯದಿದ್ದರೆ ಬಹುಶಃ ಹೆಮಟೈಟ್. ಬಳಿಕ ಬಿಳಿ ಟೈಲ್ಸಿನ ಹಿಂಬದಿಯ ಒರಟು ಮೈಗೆ ಅದೇ ಪದರವನ್ನು ತಿಕ್ಕಿ. ಕಲ್ಲು ಉಕ್ಕಿನಂತೆ ಬೂದುಬಣ್ಣದಲ್ಲಿ ಹೊಳೆಯುತ್ತಿದ್ದರೂ ಹೆಮಟೈಟ್ ಎಳೆಯುವ ಗೆರೆ ಕಾವಿಯಂತೆ ಕೆಂಪು, ಮ್ಯಾಗ್ನಟೈಟಿನದು ಕಪ್ಪು. ಚರ್ಟಿನ ಪದರ ಟೈಲ್ಸನ್ನೇ ಗೀರುತ್ತದೆ. ನಿಂತ ಬಂಡೆಯಿಂದ ಚೂರು ಒಡೆಯಬೇಡಿ, ದಾರಿಬದಿಗೆ ಉರುಳಿ ಬಿದ್ದ ಕಲ್ಲು ಇದಕ್ಕೆ ಸಾಕು. ಕೆಂಪು ಗೆರೆ ಮೂಡಿದರೆ ಬೆರಳಿನಿಂದ ಒಮ್ಮೆ ಒರೆಸಿ ನೋಡಿ. ಬೆರಳಿಗೆ ಹತ್ತುವ ಬಣ್ಣ, ರಾತ್ರಿ ಇಟ್ಟ ಕೊಡದ ತಳದಲ್ಲಿ ಬೆಳಗ್ಗೆ ಕಂಡ ಗಸಿಯ ಹತ್ತಿರದ ಬಂಧು.